ಹಿತ್ತಿಲಿನ ಬೇಸಿಗೆ ಫಸಲು ಮತ್ತು ವನ್ಯಜೀವಿಗಳು

ಹಿತ್ತಿಲಿನ ಬೇಸಿಗೆ ಫಸಲು ಎಂದರೆ ಮಲೆನಾಡು ಮತ್ತು ಕರಾವಳಿ ಕರ್ನಾಟಕದಲ್ಲಿ ಮನೆಯ ಹಿಂದೆಯೋ ಪಕ್ಕದಲ್ಲೋ ಮನೆಬಳಕೆಗೆಂದು ಬೆಳೆಸುವ ಮಿಶ್ರ ತೋಟದಿಂದ ಫೆಬ್ರವರಿ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ದೊರೆಯುವ ಹಣ್ಣು, ಕಾಯಿ, ಸೊಪ್ಪುಗಳ ಇಳುವರಿ. ಈ ಲೇಖನದಲ್ಲಿ ಹಿತ್ತಿಲು ಎಂಬ ಮಾತು ಅಡಿಕೆ, ಕಾಫಿಯಂಥ ವಾಣಿಜ್ಯ ತೋಟಗಳಿಗೆ ಅನ್ವಯಿಸುವುದಿಲ್ಲ. ವನ್ಯಜೀವಿ ಎಂಬುದು ಮಂಗ, ಹಂದಿಗಳಿಗೆ ಸೀಮಿತವಲ್ಲ. ಯಾರೂ ಸಾಕದೆಯೇ ಹಿತ್ತಿಲಿಗೆ ಬಂದುಹೋಗುವ ಹಕ್ಕಿ, ಬಾವಲಿ, ಹಾವು, ಇರುವೆ, ಜೇನು, ನೊಣಗಳೂ ಅದರಲ್ಲಿ ಸೇರಿವೆ.

ತೋಟಗಾರಿಕೆಯ ಕೈಪಿಡಿಗಳಲ್ಲಿ ಇಳುವರಿಯ ಮಾತೆಲ್ಲ ಮುಗಿದ ಮೇಲೆ ಕೊನೆಗೊಂದು ಪುಟ 'ಪ್ರಾಣಿಗಳ ಕಾಟ'ಕ್ಕೆ ಮೀಸಲಾಗುವುದು ರೂಢಿ. ಹಿತ್ತಿಲಿನ ಮಟ್ಟಿಗೆ ಈ ವಿಂಗಡಣೆ ನಿಲ್ಲುವುದಿಲ್ಲ. ಯಾವ ಕಾಯಿಯನ್ನು ಎಷ್ಟು ಎಳೆಯದಿರುವಾಗ ಕೊಯ್ಯಬೇಕು, ಯಾವ ಗಿಡ ಅಡುಗೆಮನೆಯ ಬಾಗಿಲಿಗೆ ಹತ್ತಿರವಿರಬೇಕು, ಯಾವುದನ್ನು ಉಪ್ಪಿಗೆ ಹಾಕಿ ಯಾವುದನ್ನು ಬಿಸಿಲಿಗೆ ಒಡ್ಡಬೇಕು ಎಂಬ ಕ್ರಮದಲ್ಲಿ ಪ್ರಾಣಿಗಳ ಪಾಲೂ ಇದೆ. ಕಾಯಿ ಕಚ್ಚುವುದಕ್ಕೂ ಕೈತಪ್ಪುವುದಕ್ಕೂ ಅವೇ ಕಾರಣ. ಆದ್ದರಿಂದ ಇಲ್ಲಿ ಫಸಲು ಮತ್ತು ಜೀವಿಗಳನ್ನು ಒಂದೇ ವಿಷಯವಾಗಿ ವಿವರಿಸಲಾಗಿದೆ.

ಉಗಮ

ಹಿತ್ತಿಲಿನ ಸಸ್ಯಗಳಲ್ಲಿ ಎರಡು ಪದರಗಳಿವೆ. ಹಲಸು, ಮಾವು, ಮುರುಗಲು, ನೇರಳೆ, ಸೌತೆ, ಬದನೆ, ಬಸಳೆ ಇವು ಈ ನೆಲದವು ಅಥವಾ ಬಹು ಹಿಂದಿನಿಂದ ಇಲ್ಲಿ ಬೇರೂರಿದವು. ಹಲಸು ಮತ್ತು ಮುರುಗಲು ಪಶ್ಚಿಮಘಟ್ಟದ ಕಾಡುಮರಗಳೇ. ಮೆಣಸಿನಕಾಯಿ, ಗೇರು, ಪಪ್ಪಾಯ, ಪೇರಳೆ, ಅನಾನಸು, ಸಿಹಿಗುಂಬಳ, ಟೊಮೆಟೊಗಳು ಅಮೆರಿಕ ಖಂಡಗಳ ಮೂಲದವು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ನಂತರ, 16ನೇ ಶತಮಾನದಿಂದ ಒಂದೊಂದಾಗಿ ಬಂದು ಸೇರಿದವು. ಸೀಮೆಬದನೆಯೂ ಅದೇ ದಿಕ್ಕಿನದು. ಜೀಗುಜ್ಜೆ ಪೆಸಿಫಿಕ್ ದ್ವೀಪಗಳಿಂದ, ಬಿಂಬುಳಿ ಆಗ್ನೇಯ ಏಷ್ಯಾದಿಂದ ಬಂದವು.

ಹೊರಗಿನಿಂದ ಬಂದ ಗಿಡಗಳ ಹಣ್ಣನ್ನೂ ಇಲ್ಲಿನ ಪ್ರಾಣಿಗಳು ಬೇಗ ಗುರುತಿಸಿಕೊಂಡವು. ಇದರಲ್ಲಿ ವಿಚಿತ್ರವೇನಿಲ್ಲ. ಹಣ್ಣಾಗುವುದು ಎಂಬುದೇ ಸಸ್ಯವು ಬೀಜ ಸಾಗಿಸುವವರನ್ನು ಕರೆಯುವ ಕ್ರಮ. ಕಾಯಿ ಇರುವಷ್ಟು ದಿನ ಮೇಣ, ಸೊನೆ, ಹುಳಿ, ಒಗರುಗಳಿಂದ ತನ್ನನ್ನು ಕಾಯ್ದುಕೊಳ್ಳುವ ಮರ ಬೀಜ ಬಲಿತ ಕೂಡಲೇ ಬಣ್ಣ, ಪರಿಮಳ, ಸಿಹಿಗಳನ್ನು ಹೊರಗೆಡಹುತ್ತದೆ. ಮಾಗಿದ ಹಲಸಿನ ವಾಸನೆ ಆನೆಗೂ ಪುನುಗು ಬೆಕ್ಕಿಗೂ ಮನುಷ್ಯನಿಗೂ ಒಂದೇ ಆಹ್ವಾನ. ಹಿತ್ತಿಲಿನ ಮಾಲೀಕತ್ವ ಪಹಣಿಯಲ್ಲಿದೆ, ಮರದ ಲೆಕ್ಕದಲ್ಲಿಲ್ಲ.

ರಚನೆ

ಹಿತ್ತಿಲು ಸಾಲುಬೆಳೆಯ ಜಾಗವಲ್ಲ, ಅಂತಸ್ತುಗಳ ಜಾಗ. ಮೇಲೆ ತೆಂಗು, ಹಲಸು, ಮಾವು; ಅವುಗಳ ಕೆಳಗೆ ಮುರುಗಲು, ಪೇರಳೆ, ನುಗ್ಗೆ, ಬಿಂಬುಳಿ; ಅದರ ಕೆಳಗೆ ಬಾಳೆ, ಪಪ್ಪಾಯ; ಬಿಸಿಲು ಬೀಳುವೆಡೆ ಬದನೆ, ಬೆಂಡೆ, ಹರಿವೆ, ಮೆಣಸು; ಚಪ್ಪರದ ಮೇಲೆ ಬಸಳೆ, ತೊಂಡೆ, ಹೀರೆ, ಪಡುವಲ; ನೆಲದೊಳಗೆ ಕೆಸು, ಸುವರ್ಣಗಡ್ಡೆ, ಅರಿಸಿನ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸು, ಬಸಳೆಗಳಿರುವುದು ಬಹುತೇಕ ಎಲ್ಲ ಕಡೆ ಕಾಣುವ ಏರ್ಪಾಡು. ಕರಾವಳಿಯಲ್ಲಿ ಇದರ ಜೊತೆಗೆ ಭತ್ತ ಕೊಯ್ದ ಗದ್ದೆಯೂ ಬೇಸಿಗೆಗೆ ಹಿತ್ತಿಲಿನ ವಿಸ್ತರಣೆಯಾಗುತ್ತದೆ. ಅಲ್ಲಿನ ಉಳಿದ ತೇವದಲ್ಲಿ ಸೌತೆ, ಕುಂಬಳ, ಅಲಸಂದೆಗಳನ್ನು ಹಾಕಿ ಬಾವಿಯಿಂದಲೋ ಕೆರೆಯಿಂದಲೋ ನೀರು ಹೊಯ್ಯುತ್ತಾರೆ.

ಬೇಲಿಯೂ ಹಸಿರಿನದೇ: ದಾಸವಾಳ, ಗೊಬ್ಬರದ ಗಿಡ, ಹಾಲವಾಣ, ನಡುವೆ ಮುಳ್ಳಿನ ಅಡರು, ಒಂದು ದಣಪೆ. ಇಂಥ ಬೇಲಿ ದನವನ್ನು ತಡೆಯುತ್ತದೆ, ಮಂಗವನ್ನಲ್ಲ. ಬೇಲಿಯಾಚೆ ಸಾಮಾನ್ಯವಾಗಿ ಸೊಪ್ಪು, ಒಣ ಎಲೆ, ಹುಲ್ಲು ತರುವ ಸೊಪ್ಪಿನಬೆಟ್ಟ, ಕುಮ್ಕಿ, ಬೇಣ ಅಥವಾ ನೇರವಾಗಿ ಕಾಡು. ಮನೆಯಿಂದ ಕಾಡಿನವರೆಗೆ ಮರದಿಂದ ಮರಕ್ಕೆ ಕೊಂಬೆ ತಾಗಿಕೊಂಡೇ ಇರುವುದರಿಂದ ಅಳಿಲು, ಮಂಗಗಳು ನೆಲ ಮುಟ್ಟದೆಯೇ ಅಡುಗೆಮನೆಯ ಮಾಡಿನವರೆಗೆ ಬರಬಹುದು.

ಬೇಸಿಗೆ ಈ ರಚನೆಗೆ ವಿಶೇಷ ಅರ್ಥ ಕೊಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಬೆಟ್ಟದ ಹಳ್ಳಗಳು ಬತ್ತಿ, ಸೊಪ್ಪಿನಬೆಟ್ಟ ದರಗಿನ (ಒಣ ಎಲೆಯ) ರಾಶಿಯಾಗಿ, ದಿನವೂ ನೀರು ಬೀಳುವ ಹಿತ್ತಿಲೊಂದೇ ಹಸಿರಾಗಿ ಉಳಿಯುತ್ತದೆ. ಹಾಗಾಗಿ ಪ್ರಾಣಿಗಳು ಹಣ್ಣಿಗೆ ಮಾತ್ರವಲ್ಲ, ನೀರಿಗೆ, ನೆರಳಿಗೆ, ತೇವದ ಮಣ್ಣಿನಲ್ಲಿರುವ ಹುಳುಗಳಿಗೆ ಬರುತ್ತವೆ. ಹಾನಿಯ ಲೆಕ್ಕ ಹಾಕುವಾಗ ಇದನ್ನು ಬಿಟ್ಟರೆ ಬರುವ ಪ್ರಾಣಿಯೆಲ್ಲ ಕಳ್ಳನಂತೆಯೇ ಕಾಣುತ್ತದೆ.

ಫಸಲಿನ ವಿಧಗಳು ಮತ್ತು ಬಳಕೆ

ಬೇಸಿಗೆ ಫಸಲನ್ನು ಸಸ್ಯಕುಲದ ಪ್ರಕಾರ ವಿಂಗಡಿಸುವುದಕ್ಕಿಂತ ಕೊಯ್ಯುವ ಹಂತದ ಪ್ರಕಾರ ವಿಂಗಡಿಸುವುದು ಹೆಚ್ಚು ಉಪಯುಕ್ತ: ಮಿಡಿ, ಬಲಿತ ಕಾಯಿ, ಹಣ್ಣು. ಹಲಸು ಈ ಮೂರನ್ನೂ ಒಂದೇ ಮರದಲ್ಲಿ ತೋರಿಸುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಳೆಯ ಗುಜ್ಜೆ ಪಲ್ಯಕ್ಕೆ, ಸಾಂಬಾರಿಗೆ. ಬಲಿತ ಆದರೆ ಮಾಗದ ಕಾಯಿಯ ತೊಳೆ ಹಪ್ಪಳಕ್ಕೆ, ಚಿಪ್ಸಿಗೆ ಮತ್ತು ಭರಣಿಯಲ್ಲಿ ಉಪ್ಪು ಬೆರೆಸಿಡುವ ಉಪ್ಪಿನ ಸೊಳೆಗೆ. ಮೇ ತಿಂಗಳಿಂದ ಹಣ್ಣು. ಹಣ್ಣಿನಲ್ಲಿ ತೊಳೆ ಗಟ್ಟಿಯಿರುವುದು ಬಕ್ಕೆ, ಮೆತ್ತಗೆ ರಸವಾಗಿರುವುದು ಅಂಬಲಿ ಅಥವಾ ತುಳುವ. ಮಳೆ ಬಿದ್ದ ಮೇಲೆ ಹಣ್ಣು ನೀರುನೀರಾಗಿ ರುಚಿ ಕೆಡುವುದರಿಂದ ಹಲಸಿನ ಕೆಲಸವೆಲ್ಲ ಮಳೆಗೆ ಮುಂಚೆ ಮುಗಿಯಬೇಕು. ಬೇಯಿಸಿದ ತೊಳೆಯನ್ನು ಒನಕೆಯಲ್ಲಿ ಕುಟ್ಟಿ, ಉಂಡೆ ಕಟ್ಟಿ, ಎರಡು ಹಾಳೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಹರಡಿದ ಹಪ್ಪಳ ಒಂದೆರಡು ಬಿಸಿಲಿಗೆ ಅಂಚು ಸುರುಳಿಕೊಳ್ಳುತ್ತದೆ. ಆಗ ಅದನ್ನು ಮಗುಚಿ ಹಾಕಬೇಕು. ಅಂಗಳದಲ್ಲಿ ಕಾಗೆ ಕಾಯುವ ಕೆಲಸ ಬೇರೆ.

ಮಾವಿನಲ್ಲಿ ಮಿಡಿಗೇ ಪ್ರಾಧಾನ್ಯ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಅಪ್ಪೆಮಿಡಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿದೆ. ತೊಟ್ಟು ಮುರಿಯದಂತೆ ಕೊಯ್ದು ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷಗಟ್ಟಲೆ ಕೆಡದು. ಮುರುಗಲು ಅಥವಾ ಪುನರ್ಪುಳಿ ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ, ಬೀಜದಿಂದ ಮುರುಗಲು ತುಪ್ಪ. ತರಕಾರಿಗಳಲ್ಲಿ ಹೆಚ್ಚು ಬಾಳುವುದು ಮಂಗಳೂರು ಸೌತೆ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತುಹಾಕಿದರೆ ಮಳೆಗಾಲ ಕಳೆಯುವವರೆಗೂ ಬರುತ್ತದೆ. ಒಂದಕ್ಕೊಂದು ತಾಗಬಾರದು, ಗಾಯವಿರಬಾರದು. ನೊಣ ಚುಚ್ಚಿದ ಒಂದೇ ಒಂದು ಕಾಯಿ ಕೊಳೆತರೆ ಕೆಳಗಿರುವವಕ್ಕೂ ನೀರು ಸೋರುತ್ತದೆ.

ಇಷ್ಟರಿಂದ ಹೊರಡುವ ನಿರ್ಣಯವಿದು: ಬೇಸಿಗೆ ಫಸಲಿನ ದೊಡ್ಡ ಪಾಲನ್ನು ಈ ಸೀಮೆಯ ಅಡುಗೆ ಹಣ್ಣಾಗುವ ಮೊದಲೇ ಎತ್ತಿಕೊಳ್ಳುತ್ತದೆ. ಮಳೆಗಾಲಕ್ಕೆ ಕೂಡಿಡುವ ಅಗತ್ಯ ಇದಕ್ಕೆ ಮುಖ್ಯ ಕಾರಣ ಎಂದು ಹೇಳುವುದುಂಟು, ಅದು ಸರಿಯೂ ಹೌದು. ಆದರೆ ಪರಿಣಾಮದಲ್ಲಿ ಇದು ಪ್ರಾಣಿಗಳನ್ನು ಕರೆಯುವ ಗಂಧ ಹೊರಡುವ ಮುನ್ನ ಮನೆಯ ಪಾಲನ್ನು ತೆಗೆದಿಡುವ ಕ್ರಮವೂ ಆಗಿದೆ. ರಾತ್ರಿ ಬರುವ ಬಾವಲಿ, ಪುನುಗು ಬೆಕ್ಕುಗಳು ಮಾಗಿದ್ದನ್ನೇ ಅರಸುತ್ತವೆ. ಮಾವಿನ ಹಣ್ಣುನೊಣ ಬಲಿತು ಮಾಗತೊಡಗಿದ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಮಿಡಿಯಾಗಿ ಕೊಯ್ದದ್ದು ಇವುಗಳಿಂದ ತಪ್ಪಿಸಿಕೊಳ್ಳುತ್ತದೆ. ಮಂಗ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಗುಜ್ಜೆಯನ್ನೂ ಮಿಡಿಯನ್ನೂ ಕಿತ್ತು, ಒಂದು ಬಾರಿ ಕಚ್ಚಿ ಎಸೆಯುತ್ತದೆ. ಎಳೆಯದರಲ್ಲಿ ಕೊಯ್ಯುವುದು ಎಲ್ಲಕ್ಕೂ ಮದ್ದು ಎನ್ನುವಂತಿಲ್ಲ.

ಫಸಲನ್ನು ಕಟ್ಟುವ ಜೀವಿಗಳು

ಕುಂಬಳ, ಸೌತೆ, ಹೀರೆ, ಪಡುವಲ, ಸೋರೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಅರಳುವ ಮೊದಲೇ ಹೆಬ್ಬೆರಳಿನಷ್ಟು ಕಾಯಿಯ ಆಕಾರವಿರುತ್ತದೆ. ಆದರೆ ಪರಾಗ ತಲುಪದಿದ್ದರೆ ಅದು ನಾಲ್ಕಾರು ದಿನಗಳಲ್ಲಿ ಹಳದಿಯಾಗಿ ಉದುರುತ್ತದೆ. ಅರೆಬರೆ ತಲುಪಿದರೆ ಕಾಯಿ ಒಂದು ಕಡೆ ಸೊಟ್ಟಗಾಗುತ್ತದೆ. ಸೌತೆ, ಕುಂಬಳಗಳ ಹೂ ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುವುದರಿಂದ ಆ ಕೆಲವು ಗಂಟೆಗಳಲ್ಲಿ ತುಡುವೆ ಜೇನು, ಮಿಸರಿ ಜೇನುಗಳು ಬಂದರಷ್ಟೇ ಕಾಯಿ. ಹೀರೆಯ ಹೂ ಸಂಜೆ ಅರಳುತ್ತದೆ. ಪಡುವಲ, ಸೋರೆಗಳ ಬಿಳಿ ಹೂಗಳೂ ಕತ್ತಲಾಗುವಾಗ ಬಿರಿದು ಪತಂಗಗಳನ್ನು ಕಾಯುತ್ತವೆ. ಬದನೆಯ ಪರಾಗ ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬೀಳಬೇಕು. ಬಡಗಿ ದುಂಬಿ, ನೀಲಿಪಟ್ಟೆಯ ಜೇನುಗಳು ಹೂವನ್ನು ಹಿಡಿದು ಮೈ ನಡುಗಿಸಿ ಅದನ್ನು ಉದುರಿಸುತ್ತವೆ, ತುಡುವೆ ಜೇನಿಗೆ ಈ ವಿದ್ಯೆ ಬಾರದು. ಬೆಳಗಿನ ಹೊತ್ತು ಚಪ್ಪರಕ್ಕೆ ಕೀಟನಾಶಕ ಹೊಡೆಯುವ ಮನೆಯಲ್ಲಿ ಬಳ್ಳಿ ಹಸಿರಾಗಿದ್ದೂ ಕಾಯಿ ಕಚ್ಚದಿರುವುದಕ್ಕೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಮಾವು, ಗೇರಿನ ಮರಗಳಲ್ಲಿ ಎಲೆಗಳನ್ನು ನೇಯ್ದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಎಲೆ ತಿನ್ನುವ ಹುಳುಗಳನ್ನೂ ರಸ ಹೀರುವ ತಿಗಣೆಗಳನ್ನೂ ಬೇಟೆಯಾಡುತ್ತದೆ. ಈ ಜಾತಿಯ ಇರುವೆಗಳನ್ನು ಕಿತ್ತಳೆ ಜಾತಿಯ ಮರಗಳ ಮೇಲೆ ಬಿಟ್ಟು ಕೀಟ ನಿಯಂತ್ರಿಸುವ ಪದ್ಧತಿ ದಕ್ಷಿಣ ಚೀನಾದಲ್ಲಿ ಬಹು ಹಳೆಯದು. ಮಾವಿನಲ್ಲಿ ಈ ಕುಲದ ಇರುವೆಗಳು ಹಣ್ಣುನೊಣದ ಹಾವಳಿಯನ್ನು ತಗ್ಗಿಸುವುದನ್ನು ಆಫ್ರಿಕ, ಆಸ್ಟ್ರೇಲಿಯಗಳ ಅಧ್ಯಯನಗಳು ತೋರಿಸಿವೆ. ಇದೇ ಇರುವೆ ಸಿಹಿರಸಕ್ಕಾಗಿ ಹಿಟ್ಟುತಿಗಣೆಗಳನ್ನು ಕಾಯುತ್ತದೆ, ಮರ ಹತ್ತಿದವರ ಕುತ್ತಿಗೆಗೂ ಕಚ್ಚುತ್ತದೆ. ಮಲೆನಾಡಿನಲ್ಲಿ ಚಗಳಿ ಚಟ್ನಿ ಮಾಡಿ ತಿನ್ನುವವರೂ ಇದ್ದಾರೆ.

ಬೇರೆ ಪೀಡೆಗಳನ್ನು ತಿನ್ನುವ ಜೀವಿಗಳೂ ಇವೆ: ಇಲಿ, ಹೆಗ್ಗಣಗಳಿಗೆ ಕೇರೆಹಾವು ಮತ್ತು ಗೂಬೆ, ಬಸವನಹುಳುವಿಗೆ ಕೆಂಬೂತ, ಸೊಪ್ಪಿನ ಮಿಡತೆಗೆ ಓತಿಕ್ಯಾತ ಮತ್ತು ಕಪ್ಪೆ. ಪಿಕಳಾರ ಪೇರಳೆ, ಮೆಣಸುಗಳನ್ನು ಕುಕ್ಕುತ್ತದೆ ಎಂಬ ದೂರು ನಿಜ. ಆದರೆ ದಾಸವಾಳದ ಬೇಲಿಯಲ್ಲಿ ಅದು ಗೂಡು ಮಾಡುವುದೂ ಇದೇ ತಿಂಗಳುಗಳಲ್ಲಿ, ಮರಿಗಳಿಗೆ ಅದು ಒಯ್ಯುವ ಆಹಾರದಲ್ಲಿ ಹುಳುಗಳೇ ಹೆಚ್ಚು. ಕುಟ್ರುಹಕ್ಕಿ ಹಣ್ಣು ತಿಂದು ಆಲ, ಅತ್ತಿ, ನೇರಳೆಗಳ ಬೀಜವನ್ನು ಬೇಲಿಯುದ್ದಕ್ಕೂ ಬಿತ್ತುತ್ತದೆ. ಒಣಕೊಂಬೆಯಲ್ಲಿ ಅದು ಕೊರೆದು ಬಿಟ್ಟ ಪೊಟರೆ ಮುಂದೆ ಬೇರೆ ಹಕ್ಕಿಗಳಿಗೆ ಮನೆ.

ಬಾವಲಿಯ ಲೆಕ್ಕ ಇನ್ನೂ ಜಟಿಲ. ಸಣ್ಣ ಮೂತಿಯ ಹಣ್ಣುಬಾವಲಿ ಮರದಲ್ಲೇ ಕುಳಿತು ತಿನ್ನುವುದು ಕಡಿಮೆ. ಚಿಕ್ಕು, ಪೇರಳೆ, ಗೇರುಹಣ್ಣನ್ನು ಕಚ್ಚಿಕೊಂಡು ಬೈನೆಯ ಗರಿಯಡಿಯೋ ಮನೆಯ ಜಗಲಿಯ ಮಾಡಿಗೋ ಒಯ್ದು, ಅಗಿದು, ರಸ ನುಂಗಿ, ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಬೆಳಗ್ಗೆ ಅಂಥ ಜಾಗದ ಕೆಳಗೆ ಒಣಗಿದ ನಾರಿನ ಉಂಡೆಗಳು, ಹಲ್ಲಿನ ಗುರುತಿರುವ ಸಿಪ್ಪೆ, ತೊಳೆದಂತೆ ಸ್ವಚ್ಛವಾದ ಗೇರುಬೀಜಗಳು ಬಿದ್ದಿರುತ್ತವೆ. ಹಾಗೆ ಬಿದ್ದ ಬೀಜ ಆರಿಸಿಕೊಳ್ಳುವುದು ಕರಾವಳಿಯ ವಾಡಿಕೆ. ಹಿಪ್ಪೆ, ಬೂರುಗದ ಹೂಗಳಿಗೆ ಪರಾಗ ಸಾಗಿಸುವುದರಲ್ಲಿಯೂ ಹಣ್ಣುಬಾವಲಿಗಳ ಪಾತ್ರವಿದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ: ಉಪಕಾರ ಮಾಡುವುದು ಜೇನು, ಇರುವೆ, ಹಾಳು ಮಾಡುವುದು ಮಂಗ, ಹಂದಿ, ಒಂದರ ಪುಣ್ಯವನ್ನು ಇನ್ನೊಂದರ ಖಾತೆಗೆ ಹಾಕುವುದು ಹೇಗೆ? ಆಕ್ಷೇಪದಲ್ಲಿ ಸತ್ವವಿದೆ. ಜೇನಿನ ಕೆಲಸ ತೋರಿಸಿ ಮಂಗದ ಹಾನಿಯನ್ನು ಅಲ್ಲಗಳೆಯಲಾಗದು. ಆದರೆ ಮೇಲಿನ ಉದಾಹರಣೆಗಳಲ್ಲಿ ಪಿಕಳಾರ, ಚಗಳಿ, ಬಾವಲಿಗಳು ಎರಡೂ ಪಟ್ಟಿಯಲ್ಲಿವೆ. ಒಂದೇ ಹಕ್ಕಿ ಮಾರ್ಚ್‌ನಲ್ಲಿ ಕೂಲಿಯಾಳು, ಮೇ ತಿಂಗಳಲ್ಲಿ ಪಾಲುದಾರ. ಹಾನಿ ತಪ್ಪಿಸಲು ಬಳಸುವ ವಿಷ, ಉರುಳುಗಳು ಈ ವ್ಯತ್ಯಾಸ ಮಾಡುವುದಿಲ್ಲ. ಲೆಕ್ಕ ಕೂಡಬೇಕಾದದ್ದು ಜಾತಿವಾರು ಅಲ್ಲ, ಕಾಲವಾರು.

ಹಾನಿ ಮತ್ತು ತಡೆ

ಹಾನಿಯಲ್ಲಿ ಮೊದಲ ಸ್ಥಾನ ಮಂಗನದು. ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಈ ಜಾತಿಯ ಕೋತಿ ಗುಂಪಾಗಿ ಹಗಲಿನಲ್ಲಿ ಬಂದು, ಬಾಳೆಗೊನೆ, ಸೌತೆ, ಅಲಸಂದೆ, ಬಸಳೆ ಕುಡಿ ಯಾವುದನ್ನೂ ಬಿಡದು. ಹಾಗಲ, ಸುವರ್ಣಗಡ್ಡೆ, ಅರಿಸಿನಗಳನ್ನು ಅಷ್ಟಾಗಿ ಮುಟ್ಟದು. ಮುಳ್ಳುಹಂದಿ ಮತ್ತು ಕಾಡುಹಂದಿ ರಾತ್ರಿ ಗೆಡ್ಡೆ ಅಗೆಯುತ್ತವೆ, ಕೈಗೆಟುಕುವ ಹಲಸನ್ನೂ ಬಿಡುವುದಿಲ್ಲ. ನವಿಲು ಮೊಳಕೆ ಮತ್ತು ಎಳೆಸೊಪ್ಪನ್ನು ಕೀಳುತ್ತದೆ. ದೇಶದಲ್ಲಿ ಅದರ ಸಂಖ್ಯೆ, ಹರವು ಎರಡೂ ಏರಿರುವುದನ್ನು 2023ರ 'ಭಾರತದ ಪಕ್ಷಿಗಳ ಸ್ಥಿತಿಗತಿ' ವರದಿ ದಾಖಲಿಸಿದೆ. ಸದ್ದಿಲ್ಲದೆ ಬರುವ ಹಣ್ಣುನೊಣದ ಹಾನಿಯೂ ಸಣ್ಣದಲ್ಲ. ಕುಂಬಳದ ಜಾತಿಗೊಂದು, ಮಾವು, ಪೇರಳೆಗಳಿಗೆ ಇನ್ನೊಂದು ನೊಣ. ಎರಡರ ಮರಿಗಳೂ ಬಿದ್ದ ಕಾಯಿಯಿಂದ ಹೊರಬಂದು ಮಣ್ಣಿನಲ್ಲಿ ಕೋಶಕಟ್ಟುವುದರಿಂದ ಉದುರಿದ ಹಣ್ಣನ್ನು ದಿನವೂ ಹೆಕ್ಕಿ ಆಳಕ್ಕೆ ಹೂಳುವುದೇ ಮೊದಲ ತಡೆ. ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್, ಕುಂಬಳದ ನೊಣಕ್ಕೆ ಕ್ಯೂಲ್ಯೂರ್ ಹಾಕಿದ ಬಲೆಗಳು ಗಂಡು ನೊಣಗಳನ್ನಷ್ಟೇ ಸೆಳೆಯುತ್ತವೆ. ಎಳೆಕಾಯಿಗೆ ಕಾಗದದ ಚೀಲ ಕಟ್ಟಿದರೆ ಔಷಧಿಯೇ ಬೇಡ.

ಬಲೆ ಹೊದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದ ಚಪ್ಪರಕ್ಕೆ, ಏರಿಗೆ ಒಪ್ಪಬಹುದಾದದ್ದು. ಬಿಗಿಯಾಗಿ ಎಳೆದು ಕಟ್ಟಬೇಕು, ಸಡಿಲ ಬಲೆಯಲ್ಲಿ ಹಾವು, ಗೂಬೆ, ಬಾವಲಿಗಳು ಸಿಕ್ಕಿ ಸಾಯುತ್ತವೆ. ಆಳೆತ್ತರದ ಗಿಡಕ್ಕೆ ಆಗುವುದು ಆಕಾಶಮುಟ್ಟುವ ಹಲಸಿಗೆ ಆಗದು. ಮರದ ಫಸಲಿಗೆ ಇರುವ ದಾರಿ ದೋಟಿ ಹಿಡಿದು ಬಲಿತದ್ದನ್ನು ಬಲಿತಂತೆ ಇಳಿಸುವುದು, ಎತ್ತರದ ಕೊಂಬೆಯದನ್ನು ಬಿಟ್ಟುಬಿಡುವುದು. ಪಟಾಕಿ, ಬೆದರುಬೊಂಬೆ, ಹುಲಿಯ ಚಿತ್ರಗಳಿಗೆ ಮಂಗ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆ. ಮನುಷ್ಯರ ಓಡಾಟ ಮತ್ತು ನಾಯಿ ಇರುವಲ್ಲಿ ಅದು ಬರಲು ಹಿಂಜರಿಯುತ್ತದೆ. ಎಳೆ ತರಕಾರಿ ಮನೆಗೆ ಹತ್ತಿರ, ಹಾಗಲ, ಅರಿಸಿನ, ಗಡ್ಡೆಗಳು ಅಂಚಿಗೆ ಎಂಬ ಹಳೆಯ ಏರ್ಪಾಡಿನ ಬಲ ಇಲ್ಲಿದೆ. ಮನೆಯ ಲೈನಿನಿಂದ ನೇರ ಕರೆಂಟು ಕೊಟ್ಟ ಬೇಲಿ ಮತ್ತು ಸಿಡಿಮದ್ದಿನ ಉಂಡೆ ಕಾನೂನುಬಾಹಿರ, ಮನುಷ್ಯರನ್ನೂ ಕೊಂದಿವೆ.

ಆರೋಗ್ಯದ ಪ್ರಶ್ನೆ ಇವೆಲ್ಲಕ್ಕಿಂತ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುತ್ತದೆ. ಅದು ಹೆಚ್ಚು ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಬೇಸಿಗೆ ಫಸಲಿನ ತಿಂಗಳುಗಳೂ ಅದರಲ್ಲಿ ಸೇರಿವೆ. ಹಿತ್ತಿಲಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ದರಗು ತರುವವರು ಉಣ್ಣೆನಿರೋಧಕ ತೈಲ ಹಚ್ಚಿಕೊಂಡು, ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. 2018ರಲ್ಲಿ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ವೈರಸ್ಸಿನ ಆಶ್ರಯ ದೊಡ್ಡ ಹಣ್ಣುಬಾವಲಿ. ಹಕ್ಕಿಯೋ ಬಾವಲಿಯೋ ಕಚ್ಚಿದ ಹಣ್ಣು ಸಿಹಿ ಎಂದು ಆರಿಸಿ ತಿನ್ನುವ ಮಕ್ಕಳ ಅಭ್ಯಾಸವನ್ನು ನಿಲ್ಲಿಸಲೇಬೇಕು. ಬಾವಲಿಗಳ ಮರ ಕಡಿಯುವುದು ಇದಕ್ಕೆ ಉತ್ತರವಲ್ಲ. ನೆಲೆ ತಪ್ಪಿದ ಬಾವಲಿಗಳು ಚದುರಿ ಇನ್ನಷ್ಟು ಮನೆಗಳ ಹತ್ತಿರ ಬರುತ್ತವೆ.

ಇಂದಿನ ಸ್ಥಿತಿ

ಮಂಗಗಳ ದೆಸೆಯಿಂದ ತರಕಾರಿ ಬೆಳೆಯುವುದನ್ನೇ ಕೈಬಿಟ್ಟಿದ್ದೇವೆ ಎಂಬ ಮಾತು ಮಲೆನಾಡಿನ ಹಳ್ಳಿಗಳಲ್ಲಿ ಸಾಮಾನ್ಯ. ಅದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವುದು ಅನ್ಯಾಯ. ನಷ್ಟದ ಭಾರ ಹೆಚ್ಚಾಗಿ ಹಿತ್ತಿಲು ನೋಡಿಕೊಳ್ಳುವ ಹೆಂಗಸರ ಮೇಲೆ ಬೀಳುತ್ತದೆ, ಅದಕ್ಕೆ ಮಾರುಕಟ್ಟೆ ಬೆಲೆ ಕಟ್ಟಿ ಪರಿಹಾರ ಕೇಳುವುದೂ ಕಷ್ಟ. ಆದರೆ ಹಿತ್ತಿಲಲ್ಲಿ ಮಂಗ ಹೆಚ್ಚಿದೆ ಎಂಬುದರಿಂದ ಮಂಗಗಳ ಒಟ್ಟು ಸಂಖ್ಯೆ ಹೆಚ್ಚಿದೆ ಎಂದಾಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರ ದೀರ್ಘಕಾಲದ ಗಣತಿ ದಕ್ಷಿಣ ಕರ್ನಾಟಕದ ರಸ್ತೆಬದಿಯ ಮಂಗಗಳು ತೀವ್ರವಾಗಿ ಕಡಿಮೆಯಾಗಿರುವುದನ್ನು ತೋರಿಸಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಈ ಜಾತಿ ಈಗ ಅಪಾಯದ ಅಂಚಿನದು. ರಸ್ತೆ ಅಗಲಿಸುವಾಗ ಸಾಲುಮರದ ಆಲ, ಅತ್ತಿಗಳು ಹೋದವು. ಒಂದೆಡೆ ಹಿಡಿದ ಮಂಗಗಳನ್ನು ಇನ್ನೊಂದೆಡೆ ಬಿಡುವ ಚಾಳಿಯೂ ಬೆಳೆಯಿತು. ಹೀಗೆ ಬಿಟ್ಟ ಗುಂಪು ಕಾಡಿಗೆ ಹೋಗುವುದಕ್ಕಿಂತ ಹತ್ತಿರದ ಹಿತ್ತಿಲು ಹುಡುಕುವುದೇ ಹೆಚ್ಚು.

ಮನೆಯ ಕಡೆಯಿಂದಲೂ ಬದಲಾವಣೆಯಾಗಿದೆ. ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಹೋದ ಮೇಲೆ ಉಳಿದ ಇಬ್ಬರು ಹಿರಿಯರಿಂದ ಮರ ಹತ್ತಿ ಗುಜ್ಜೆ ಇಳಿಸುವುದು, ಹಪ್ಪಳಕ್ಕೆ ಕುಟ್ಟುವುದು ಆಗದ ಮಾತು. ಕೊಯ್ಯದೆ ಬಿಟ್ಟ ಹಲಸು ಮರದಲ್ಲೇ ಹಣ್ಣಾಗಿ, ಬಿದ್ದು ಕೊಳೆತು, ಹಂದಿ, ಮುಳ್ಳುಹಂದಿ, ನೊಣಗಳಿಗೆ ತಿಂಗಳುಗಟ್ಟಲೆ ಊಟವಾಗುತ್ತದೆ. ಹಲಸಿಗೆ ಬಂದ ಹಂದಿ ಹಾಗೇ ಕೆಸುವಿನ ಏರಿಗೂ ಇಳಿಯುತ್ತದೆ. ಹಾನಿ ಹೆಚ್ಚಿದ್ದಕ್ಕೆ ಪ್ರಾಣಿಗಳ ವರ್ತನೆಯಷ್ಟೇ ಮಿಡಿ, ಕಾಯಿಗಳ ಕೊಯ್ಲು ನಿಂತದ್ದೂ ಕಾರಣ ಎನ್ನಲು ಇದು ಸಾಕಷ್ಟು ಆಧಾರ. ಆದರೆ ಹಲಸಿನ ಮೇಳಗಳು, ಹಪ್ಪಳ ಮತ್ತು ಚಿಪ್ಸ್ ಮಾಡುವ ಮಹಿಳಾ ಗುಂಪುಗಳು ಕಾಯಿಗೆ ಬೆಲೆ ತಂದುಕೊಟ್ಟ ಕಡೆ ಕೊಯ್ಲು ಮತ್ತೆ ಕುದುರಿಕೊಂಡಿದೆ. ಶಿರಸಿಯ ವನಸ್ತ್ರೀ ಸಂಘಟನೆ ಹಿತ್ತಿಲು ಮಾಡುವ ಮಹಿಳೆಯರ ನಡುವೆ ಸ್ಥಳೀಯ ತರಕಾರಿ ಬೀಜಗಳ ವಿನಿಮಯವನ್ನು ನಡೆಸಿಕೊಂಡು ಬಂದಿದೆ.

ಹಾನಿ ಮಾಡುವ ಪ್ರಾಣಿಗಳನ್ನು ಏನು ಮಾಡಬಹುದು ಎಂಬುದಕ್ಕೆ ಕಾನೂನಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಆಧಾರ. 2022ರ ತಿದ್ದುಪಡಿ ಹಿಂದಿನ ಐದನೇ ಅನುಸೂಚಿಯನ್ನು ತೆಗೆದುಹಾಕಿತು. ಹಣ್ಣುಬಾವಲಿ, ಕಾಗೆ, ಇಲಿಗಳು ಪೀಡಕಗಳೆಂದು ಅದರಲ್ಲಿದ್ದವು. ಈಗ ಎರಡನೇ ಅನುಸೂಚಿಯ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶ ಮತ್ತು ಅವಧಿಗೆ ಪೀಡಕವೆಂದು ಸಾರುವ ಅಧಿಕಾರ ಕೇಂದ್ರ ಸರ್ಕಾರದ್ದು. ನವಿಲು ಮೊದಲನೇ ಅನುಸೂಚಿಯಲ್ಲಿರುವುದರಿಂದ ಈ ಅವಕಾಶದ ಹೊರಗಿದೆ.